ದಸ್ತಾವೇಜು ಇತ್ತು, ಊರು ಓದಿರಲಿಲ್ಲ

ಮಾನ್ಯರೇ,

ಶಿಕಾಗೋ ನಗರದ ಕಪ್ಪು ಜನರ ಕಲಾಕೇಂದ್ರವೊಂದನ್ನು ಕುರಿತು ನಮ್ಮ ಫೆಬ್ರುವರಿ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಮೂರು ಪುಟಗಳ ಪತ್ರ ತಲುಪಿದೆ. ಇತಿಹಾಸದ ಅಧ್ಯಾಪಕರಾಗಿ ನಿವೃತ್ತರಾದವರು ತಾವು; ಆಕ್ಷೇಪವೂ ಅದಕ್ಕೆ ತಕ್ಕಂತೆಯೇ ಇದೆ. ಇತಿಹಾಸ ನಿಲ್ಲುವುದು ಶಾಸನ, ಕಡತ, ದಸ್ತಾವೇಜುಗಳ ಮೇಲೆ. ಹಾಡು, ಕುಣಿತ, ಗೋಡೆಚಿತ್ರಗಳಿಂದ ಸಂಭ್ರಮ ಹುಟ್ಟೀತೇ ಹೊರತು ಇತಿಹಾಸ ಹುಟ್ಟದು ಎಂಬುದು ತಮ್ಮ ಮುಖ್ಯ ವಾದ. ನಮ್ಮ ನಾಡಿನಲ್ಲೇ ಇರುವ ಆಫ್ರಿಕ ಮೂಲದ ಸಿದ್ದಿಗಳನ್ನು ಬಿಟ್ಟು ಅಮೆರಿಕದವರೆಗೆ ಹೋಗುವ ಅಗತ್ಯವೇನಿತ್ತು ಎಂದೂ ಕೇಳಿದ್ದೀರಿ.

ಮೊದಲು ನಮ್ಮ ತಪ್ಪು. ಅಮೆರಿಕದಲ್ಲಿ ಕಪ್ಪು ಜನರ ಇತಿಹಾಸವನ್ನು ನೆನೆಯಲೆಂದು 1926ರ ಫೆಬ್ರುವರಿಯಲ್ಲಿ ಆರಂಭವಾದದ್ದು ‘ನೀಗ್ರೋ ಇತಿಹಾಸ ವಾರ’. ಅದು ಇಡೀ ಫೆಬ್ರುವರಿಗೆ ವಿಸ್ತರಿಸಿ ‘ಕಪ್ಪು ಇತಿಹಾಸ ತಿಂಗಳು’ ಆದದ್ದು 1976ರಲ್ಲಿ. ಲೇಖನದಲ್ಲಿ ಎರಡನ್ನೂ ಕಲಸಿದ್ದೆವು. ತಾವು ತಿದ್ದಿದ್ದು ಸರಿ. ಆದರೆ ಆ ವಾರವನ್ನು ಆರಂಭಿಸಿದ ಕಾರ್ಟರ್ ವುಡ್‌ಸನ್ ತಮ್ಮ ಪಂಗಡದವರೇ ಎಂಬುದನ್ನು ನೆನಪಿಸಬೇಕು. ಗುಲಾಮರಾಗಿದ್ದ ತಂದೆತಾಯಿಯ ಮಗನಾದ ಅವರು 1912ರಲ್ಲಿ ಹಾರ್ವರ್ಡ್‌ನಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದರು, 1916ರಲ್ಲಿ ಕಪ್ಪು ಜನರ ಇತಿಹಾಸಕ್ಕೆಂದೇ ವಿದ್ವತ್ ಪತ್ರಿಕೆಯೊಂದನ್ನು ಹೊರಡಿಸಿದರು. ಆಧಾರವಿಲ್ಲದೆ ಒಂದು ಸಾಲನ್ನೂ ಒಪ್ಪದ ಮನುಷ್ಯ. ಹತ್ತು ವರ್ಷ ಪತ್ರಿಕೆ ನಡೆಸಿದ ಮೇಲೆ ಅವರೇ ಶಾಲೆಗಳಿಗೆ, ಚರ್ಚುಗಳಿಗೆ, ಮಹಿಳಾ ಸಂಘಗಳಿಗೆ ಈ ವಾರವನ್ನು ಕೊಟ್ಟರು. ಅಲ್ಲಿ ನಾಟಕ, ರೂಪಕ, ಮೆರವಣಿಗೆಗಳು ನಡೆದವು. ವಿದ್ವತ್ ಪತ್ರಿಕೆಯನ್ನು ಓದುವವರಿಗಿಂತ ಹತ್ತಾರು ಪಾಲು ಹೆಚ್ಚು ಜನ ರೂಪಕ ನೋಡಲು ಬರುತ್ತಾರೆಂಬ ಲೆಕ್ಕ ಸಂಶೋಧಕನಿಗೂ ಗೊತ್ತಿತ್ತು.

ಈಗ ದಸ್ತಾವೇಜಿನ ಮಾತಿಗೆ ಬರುತ್ತೇನೆ. ಶಿಕಾಗೋ ನದಿಯ ಬಾಯಲ್ಲಿ, ಅಲ್ಲಿನ ಮೂಲನಿವಾಸಿಗಳನ್ನು ಬಿಟ್ಟರೆ ಮೊದಲು ನೆಲೆಯೂರಿದವನು ಜಾನ್ ಬ್ಯಾಪ್ಟಿಸ್ಟ್ ಪಾಯಿಂಟ್ ದು ಸಾಬ್ಲ್ ಎಂಬ ಕಪ್ಪು ವರ್ತಕ. 1800ರಲ್ಲಿ ಅವನು ತನ್ನ ಆಸ್ತಿಯನ್ನು ಮಾರಿದಾಗಿನ ಕ್ರಯಪತ್ರ ಉಳಿದಿದೆ. ಮನೆ, ಕೊಟ್ಟಿಗೆ, ಹಿಟ್ಟಿನ ಗಿರಣಿ, ಬೇಕರಿ, ಹೈನುಮನೆ, ದನಕರು, ಕೋಳಿಗಳವರೆಗೆ ಅದರಲ್ಲಿ ಪಟ್ಟಿಯಾಗಿವೆ. ಇದಕ್ಕಿಂತ ಗಟ್ಟಿ ಆಧಾರ ಬೇಕೆ? ಆದರೂ ಬಹುಕಾಲ ಆ ನಗರ ತನ್ನ ಮೂಲಪುರುಷನೆಂದು ಮೆರೆಸಿದ್ದು, ಮುಂದೆ ಅದೇ ಮನೆಯನ್ನು ಕೊಂಡ ಜಾನ್ ಕಿಂಜಿ ಎಂಬ ಬಿಳಿಯನನ್ನು.

ಇದನ್ನು ಬದಲಿಸಿದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ. 1933ರಲ್ಲಿ ಶಿಕಾಗೋದಲ್ಲಿ ವಿಶ್ವಮೇಳ ನಡೆದಾಗ ಕಪ್ಪು ಮಹಿಳೆಯರ ಸಂಘವೊಂದು ವರ್ಷಗಟ್ಟಲೆ ಕಚೇರಿ ಅಲೆದು, ಜಾಗ ಗಿಟ್ಟಿಸಿ, ದು ಸಾಬ್ಲ್‌ನ ಮರದ ಮನೆಯ ಮಾದರಿಯನ್ನು ಕಟ್ಟಿ ನಿಲ್ಲಿಸಿತು. ಮೂರು ವರ್ಷದ ಮೇಲೆ ಅಲ್ಲಿನ ಪ್ರೌಢಶಾಲೆಯೊಂದಕ್ಕೆ ಅವನ ಹೆಸರು ಬಂತು. ಮುಂದೆ ಅದೇ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು ಮಾರ್ಗರೆಟ್ ಬರೋಸ್, ನಮ್ಮ ಲೇಖನದ ಕಲಾಕೇಂದ್ರವನ್ನು ಕಟ್ಟಿದವರಲ್ಲಿ ಒಬ್ಬರು.

ಆ ಕೇಂದ್ರದ ಕಥೆಯನ್ನು ಲೇಖನದಲ್ಲಿ ಅವಸರದಲ್ಲಿ ಮುಗಿಸಿದ್ದೆವೆಂದು ಈಗ ಅನ್ನಿಸುತ್ತಿದೆ. ಆರ್ಥಿಕ ಕುಸಿತದ ದಿನಗಳಲ್ಲಿ ಅಮೆರಿಕದ ಸರ್ಕಾರ ಕಲಾವಿದರಿಗೆ ಸಂಬಳ ಕೊಡುವ ಯೋಜನೆ ತಂದಿತು. ಆದರೆ ಕಟ್ಟಡವನ್ನು ಊರವರೇ ಒದಗಿಸಬೇಕಿತ್ತು. ಆಗ ಇಪ್ಪತ್ತರ ಹರೆಯದಲ್ಲಿದ್ದ ಬರೋಸ್ ರಸ್ತೆಯ ಮೂಲೆಯಲ್ಲಿ ಡಬ್ಬಿ ಹಿಡಿದು ನಿಂತು, ಹೋಗಿಬರುವವರಿಂದ ಹತ್ತು ಸೆಂಟಿನ ನಾಣ್ಯಗಳನ್ನು ಎತ್ತಿದರು. ಹಾಗೆ ಕೂಡಿದ ಹಣವೂ ಸೇರಿ, ಧಾನ್ಯದ ವ್ಯಾಪಾರಿಯೊಬ್ಬ ಹಿಂದೆ ಕಟ್ಟಿಸಿದ್ದ ಹಳೆಯ ಬಂಗಲೆಯೊಂದು ಕೈಗೆ ಬಂತು. 1940ರ ಕೊನೆಗೆ ಬಾಗಿಲು ತೆರೆದ ಸೌತ್ ಸೈಡ್ ಸಮುದಾಯ ಕಲಾಕೇಂದ್ರವನ್ನು 1941ರ ಮೇ 7ರಂದು ಆಗಿನ ಅಧ್ಯಕ್ಷರ ಪತ್ನಿ ಎಲಿನೋರ್ ರೂಸ್‌ವೆಲ್ಟ್ ವಿಧ್ಯುಕ್ತವಾಗಿ ಉದ್ಘಾಟಿಸಿದರು. ಮುಂದೆ ಹೆಸರಾಂತ ಛಾಯಾಗ್ರಾಹಕರಾದ ಗಾರ್ಡನ್ ಪಾರ್ಕ್ಸ್ ಅಲ್ಲಿನ ಕತ್ತಲೆಕೋಣೆಯಲ್ಲಿ ಫೋಟೋ ತೊಳೆದರು. ಗ್ವೆಂಡೊಲಿನ್ ಬ್ರೂಕ್ಸ್ ಅಲ್ಲಿಯ ಕಾವ್ಯ ಕಮ್ಮಟದಲ್ಲಿ ಕುಳಿತು ಕವಿತೆ ತಿದ್ದಿಕೊಂಡರು. 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿ ಅವರು. ಯುದ್ಧಕಾಲದಲ್ಲಿ ಸರ್ಕಾರದ ಯೋಜನೆ ನಿಂತಿತು, ದೇಶದಾದ್ಯಂತ ಹುಟ್ಟಿದ್ದ ಇಂಥ ನೂರಕ್ಕೂ ಮಿಕ್ಕ ಕೇಂದ್ರಗಳು ಒಂದೊಂದಾಗಿ ಮುಚ್ಚಿದವು, ಇದು ಉಳಿಯಿತು. ಅದರ ಗ್ಯಾಲರಿಯ ಗೋಡೆಗಳಿಗೆ ಹೊದಿಸಿರುವುದು ಮರದ ಹಲಗೆ. ಆ ಹಲಗೆಗಳ ತುಂಬ ಮೊಳೆ ಹೊಡೆದ ತೂತುಗಳಿವೆ, ದಶಕಗಳಿಂದ ತೂಗಿ ಇಳಿಸಿದ ಒಂದೊಂದು ಚಿತ್ರದ ಲೆಕ್ಕ ಬರೆದಿಟ್ಟ ಹಾಗೆ. ತಮ್ಮ ಅರ್ಥದಲ್ಲಿಯೂ ಅದು ಕಡತವೇ ಎಂದು ನಾನು ವಾದಿಸಿಯೇನು.

1961ರಲ್ಲಿ ಬರೋಸ್ ಮತ್ತು ಅವರ ಪತಿ ಕಲಾಕೇಂದ್ರವಿದ್ದ ರಸ್ತೆಯಲ್ಲೇ ಇದ್ದ ತಮ್ಮ ಮನೆಯಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದರು. 1968ರಲ್ಲಿ ಅದು ದು ಸಾಬ್ಲ್‌ನ ಹೆಸರನ್ನು ಪಡೆಯಿತು. 2021ರಲ್ಲಿ ನಗರಸಭೆ ಸರೋವರದ ದಂಡೆಯ ಹೆದ್ದಾರಿಗೂ ಆ ಹೆಸರನ್ನು ಸೇರಿಸಿತು. ಕ್ರಯಪತ್ರ ಬರೆದು ಆಗಲೇ 221 ವರ್ಷಗಳಾಗಿದ್ದವು.

ತಮ್ಮ ಒಂದು ಮಾತನ್ನು ಮಾತ್ರ ನಾನು ಎದುರಾಡದೆ ಒಪ್ಪುತ್ತೇನೆ. ಫೆಬ್ರುವರಿ ಬಂದೊಡನೆ ನಾಲ್ಕು ಭಾವಚಿತ್ರ ತೂಗಿಸಿ ಮಾರ್ಚಿಯಲ್ಲಿ ಇಳಿಸುವ ಕಂಪನಿಗಳ ಸಂಭ್ರಮದಲ್ಲಿ ಹುರುಳಿಲ್ಲ. ವರ್ಷವಿಡೀ ಕಲಿತದ್ದನ್ನು ಒಪ್ಪಿಸುವ ವಾರ ಅದಾಗಬೇಕೆಂದು ವುಡ್‌ಸನ್ ಬಯಸಿದ್ದರು; ನಮ್ಮಲ್ಲಿ ಕನ್ನಡವನ್ನು ನವೆಂಬರಿಗೆ ಸೀಮಿತಗೊಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿದ್ದಿಗಳ ವಿಷಯ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಬಾಳುವ ಈ ಜನರ ಪೂರ್ವಿಕರೂ ಆಫ್ರಿಕದವರೇ. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ವಿಧಾನಮಂಡಲಕ್ಕೆ ಅವರಲ್ಲಿ ಮೊದಲಿಗರಾಗಿ ಶಾಂತಾರಾಮ ಸಿದ್ದಿ ಹೋದದ್ದು 2020ರಲ್ಲಿ. ಅಲ್ಲಿಯ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬಂದು ಕೌದಿ ಮುಗಿಸುತ್ತಾರೆ. ಮೂಲೆಗಳಲ್ಲಿ ‘ಫೂಲ್’ ಎಂದು ಕರೆಯುವ ತ್ರಿಕೋನದ ಹೂವನ್ನು ಕೂಡಿಸದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಅವರನ್ನು ನಾವು ಬಿಟ್ಟಿಲ್ಲ, ಆದರೆ ಬಿಡದೆ ಮಾಡಿದ್ದೂ ಹೆಮ್ಮೆಪಡುವಂಥದ್ದಲ್ಲ. ಎರಡು ವರ್ಷದ ಹಿಂದೆ ನಮ್ಮ ರಕ್ಷಾಪುಟದಲ್ಲಿ ಡಮಾಮಿ ಬಾರಿಸುತ್ತಿದ್ದ ನಾಲ್ವರ ಚಿತ್ರ ಹಾಕಿ, ಕೆಳಗೆ ‘ಸಿದ್ದಿ ನೃತ್ಯ’ ಎಂದಷ್ಟೇ ಅಚ್ಚು ಮಾಡಿದ್ದೆವು. ಛಾಯಾಗ್ರಾಹಕರ ಹೆಸರಿತ್ತು, ಬಾರಿಸಿದವರ ಹೆಸರಿರಲಿಲ್ಲ. ತಮ್ಮ ಪತ್ರ ಓದಿದ ಮೇಲೆ ಹಳೆಯ ಸಂಚಿಕೆ ತೆಗೆದು ನೋಡಿದೆ. ಛಾಯಾಗ್ರಾಹಕರು ಮುಂದಿನ ವಾರ ಆ ಊರಿಗೆ ಹೋಗುವವರಿದ್ದಾರೆ. ನಾಲ್ವರೂ ಒಪ್ಪಿದರೆ ಅವರ ಹೆಸರುಗಳು ಬರುವ ಸಂಚಿಕೆಯ ಮೊದಲ ಪುಟದ ತಿದ್ದುಪಡಿಯಲ್ಲಿ ಇರುತ್ತವೆ.

— ಸಂಪಾದಕ