ಅಪ್ಪನ ಸೈಟು ಮಾರಿಸುವ ಮೊದಲು

ತಂಗಿ, ನೀನು ಅಕ್ಕ ಅಂತ ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು. ಗಂಡ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾರೆ, ಐಎಲ್‌ಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ, ಇದೆ, ಸಂಬಳ ವರ್ಷಕ್ಕೆ 24,000 ಪೌಂಡ್. ನೀನು ಅವರ ಹತ್ತಿರ ಬರುವ ಸ್ಪೌಸ್ ವೀಸಾಕ್ಕೆ ಅವರ ವರ್ಷದ ಆದಾಯ 29,000 ಇರಬೇಕು. ನೀನು ಬೆಂಗಳೂರಿನ ಕೆಲಸದಲ್ಲಿ ಉಳಿಸಿದ್ದು 18 ಲಕ್ಷ. ಉಳಿದಿದ್ದಕ್ಕೆ ಅಪ್ಪ ಶಿವಮೊಗ್ಗದ ಸೈಟು ಮಾರುತ್ತೇನೆ ಅಂತ ಕೂತಿದ್ದಾರೆ. ದುಡ್ಡು ತೋರಿಸಿದರೆ ಸಾಕಾ, ಎಷ್ಟು ದಿನ ಇಡಬೇಕು, ಅಲ್ಲಿ ಕೆಲಸ ಸಿಗುತ್ತಾ, ಚಳಿ ಹೇಗೆ.

ಚಳಿ ಅಭ್ಯಾಸವಾಗುತ್ತೆ. ಕೆಲಸವೂ ಸಿಗುತ್ತೆ, ಮೊದಲನೆಯದು ನಿನ್ನ ಡಿಗ್ರಿಗೆ ತಕ್ಕದ್ದಾಗಿರಲ್ಲ ಅಷ್ಟೇ. ದುಡ್ಡಿನ ವಿಷಯ ಮಾತ್ರ ಬಿಡಿಸಿ ಹೇಳಬೇಕು.

ಇಲ್ಲಿನ ವೀಸಾದವರ ಲೆಕ್ಕ ಒಂಥರಾ. ಉಳಿತಾಯದಲ್ಲಿ ಮೊದಲ 16,000 ಪೌಂಡನ್ನು ಇವರು ಎಣಿಸುವುದೇ ಇಲ್ಲ. ಅದರ ಮೇಲೆ ಎಷ್ಟಿದೆಯೋ ಅದನ್ನು ಎರಡೂವರೆಯಿಂದ ಭಾಗಿಸಿ, ಬಂದಿದ್ದನ್ನು ಸಂಬಳಕ್ಕೆ ಸೇರಿಸುತ್ತಾರೆ. ನಿಮಗೆ ಕಮ್ಮಿ ಬಿದ್ದಿರುವುದು 5,000. ಅದರ ಎರಡೂವರೆ ಪಟ್ಟು 12,500, ಜೊತೆಗೆ ಆ 16,000. ಒಟ್ಟು 28,500 ಪೌಂಡ್. ಪೌಂಡಿಗೆ 115 ರೂಪಾಯಿ ಹಿಡಿದರೆ 33 ಲಕ್ಷದ ಹತ್ತಿರ. ಸಂಬಳವೇ ಇಲ್ಲದೆ ಬರೀ ಉಳಿತಾಯದ ಮೇಲೆ ಹಾಕುವವರಿಗೆ 88,500 ಪೌಂಡ್ ಬೇಕು. ಕೋಟಿಯ ಮೇಲಾಯಿತು.

ಈ ದುಡ್ಡು ನಿನ್ನ ಹೆಸರಲ್ಲೋ, ನಿನ್ನ ಗಂಡನ ಹೆಸರಲ್ಲೋ, ಜಂಟಿಯಾಗೋ ಆರು ತಿಂಗಳು ಕೂತಿರಬೇಕು. ಮಧ್ಯದಲ್ಲಿ ಒಂದು ದಿನವೂ ಕೆಳಗಿಳಿಯಬಾರದು. ಎಫ್‌ಡಿ ಆಗುತ್ತೆ, ಬೇಕೆಂದಾಗ ಮುರಿಸಿ ತೆಗೆಯುವಂತಿರಬೇಕು ಅಷ್ಟೇ. ನಿನ್ನ ಹೆಸರಿನ ಮ್ಯೂಚುವಲ್ ಫಂಡ್ ಇದ್ದರೆ ಅರ್ಜಿಗೆ ಮುಂಚೆ ಮಾರಿ ನಗದು ಮಾಡಿಕೋ, ಅದು ನಿನ್ನ ಹತ್ತಿರ ಇದ್ದ ಅವಧಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ನಿನ್ನ ಹೆಸರಿನ ಆಸ್ತಿ ಮಾರಿದರೂ ಹಾಗೇ. ಆದರೆ ಸೈಟು ಅಪ್ಪನ ಹೆಸರಲ್ಲಿದೆ ಅಲ್ವಾ? ಅವರು ಮಾರಿ ಕೊಟ್ಟರೆ ಅದು ಗಿಫ್ಟ್. ನಿನ್ನ ಖಾತೆಗೆ ಬಿದ್ದ ದಿನದಿಂದ ಆರು ತಿಂಗಳು ಹೊಸದಾಗಿ ಎಣಿಸಬೇಕು.

ಇನ್ನೊಂದು, ನಮ್ಮ ಕಡೆ ಎಲ್ಲರೂ ಹೇಳುವ ಉಪಾಯ. ಮಾವನ ಹತ್ತಿರ ಆರು ತಿಂಗಳಿಗೆ ಕೈಗಡ ತಗೊಂಡು ತೋರಿಸಿ, ಆಮೇಲೆ ವಾಪಸ್ ಕೊಟ್ಟರಾಯಿತು ಅಂತ. ಆದರೆ ಸಾಲದ ದುಡ್ಡನ್ನು ಇವರು ಒಪ್ಪಲ್ಲ. ದುಡ್ಡು ಎಲ್ಲಿಂದ ಬಂತು ಅಂತ ನೀನೇ ಬರೆದು ಸಹಿ ಹಾಕಬೇಕು, ಸುಳ್ಳು ಅಂತ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರ, ಮುಂದೆ ಹಾಕುವ ಅರ್ಜಿಗೂ ಅಡ್ಡಿ.

ಈಗ ನನ್ನ ಕಥೆ. ನಮ್ಮದು ಸಾಗರದ ಹತ್ತಿರ. 2012ರ ಜುಲೈನಲ್ಲಿ ಈ ರೂಲು ಬಂತು, ಆ ಡಿಸೆಂಬರಿನಲ್ಲಿ ನನ್ನ ಮದುವೆ. ಆಗ ಕೇಳುತ್ತಿದ್ದದ್ದು 18,600. ನಮ್ಮನೆಯವರು ಕೊವೆಂಟ್ರಿಯಲ್ಲಿ ಸ್ವಂತವಾಗಿ ವೈರಿಂಗ್ ಕೆಲಸ ಶುರು ಮಾಡಿ ವರ್ಷ ತುಂಬಿರಲಿಲ್ಲ. ಸ್ವಂತ ಕೆಲಸದ ಆದಾಯದ ಜೊತೆ ಉಳಿತಾಯ ಸೇರಿಸುವ ಹಾಗಿಲ್ಲ, ಹಾಗಾಗಿ ಪೂರ್ತಿ ಉಳಿತಾಯವೇ ತೋರಿಸಬೇಕಿತ್ತು, 62,500 ಪೌಂಡ್. ಅಪ್ಪ ಒಂದು ಮಾತೂ ಆಡದೆ ಹಳ್ಳದಾಚೆಯ ಅಡಿಕೆ ತೋಟ ಮಾರಿದರು. ಅರ್ಜೆಂಟಿಗೆ ಮಾರುವವನಿಗೆ ಎಷ್ಟು ರೇಟು ಸಿಗುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ. ಫೆಬ್ರುವರಿ 2013ಕ್ಕೆ ನನ್ನ ಖಾತೆಯಲ್ಲಿ 54 ಲಕ್ಷ. ಆಗ ಪೌಂಡು 84ರ ಆಸುಪಾಸು. ಸಾಕು, ಮೇಲೊಂದಿಷ್ಟು ಉಳಿಯುತ್ತೆ ಅಂದುಕೊಂಡೆವು.

ಆಗಸ್ಟಿಗೆ ಆರು ತಿಂಗಳು ತುಂಬುವ ಹೊತ್ತಿಗೆ ರೂಪಾಯಿ ಬಿತ್ತು. ಪೌಂಡು ನೂರು ದಾಟಿತು. ಖಾತೆಯಿಂದ ಒಂದು ರೂಪಾಯಿ ತೆಗೆದಿರಲಿಲ್ಲ, ಆದರೂ ಹತ್ತು ಲಕ್ಷದಷ್ಟು ಕಮ್ಮಿ ಬಿದ್ದಿತ್ತು, ಯಾಕೆಂದರೆ ಅರ್ಜಿ ಹಾಕಿದ ದಿನದ ರೇಟಿಗೆ ಪೌಂಡು ಮಾಡಿ ನೋಡುತ್ತಾರೆ, ದುಡ್ಡು ಇಟ್ಟ ದಿನದ ರೇಟಿಗಲ್ಲ. ಅಮ್ಮನ ಅವಲಕ್ಕಿ ಸರ, ಬಳೆ, ಚಿಕ್ಕಪ್ಪ ಕೊಟ್ಟಿದ್ದು ಎಲ್ಲಾ ಸೇರಿಸಿ ತುಂಬಿದೆವು. ಆ ತುಂಬಿದ ದುಡ್ಡಿಗೆ ಮತ್ತೆ ಆರು ತಿಂಗಳು. ಆ ಮಳೆಗಾಲ ಉಳಿದ ತೋಟಕ್ಕೆ ಕೊಳೆ ರೋಗ ಬೇರೆ.

ನಾನು ಬೆಂಗಳೂರಿನ ಪಿಜಿಯಲ್ಲಿದ್ದೆ. ಪಾಸ್‌ಬುಕ್ಕು, ನಾನು ಸಹಿ ಮಾಡಿಟ್ಟ ಎರಡು ಚೆಕ್ಕು ಅಪ್ಪನ ಹತ್ತಿರ. ಪ್ರತಿ ತಿಂಗಳು ಪೇಟೆಗೆ ಹೋಗಿ ಎಂಟ್ರಿ ಹಾಕಿಸಿ, ಬ್ಯಾಂಕಿನಿಂದಲೇ ಫೋನ್ ಮಾಡಿ ಸೊನ್ನೆ ಎಣಿಸುತ್ತಿದ್ದರು. ನಾನು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದೆ. ಅಪ್ಪಾ, ಮಾರ್ಚ್‌ವರೆಗೆ ಅದನ್ನು ಮುಟ್ಟಬೇಡಿ, ಒಂದು ರೂಪಾಯಿನೂ.

2014ರ ಜೂನ್‌ನಲ್ಲಿ ಇಲ್ಲಿಗೆ ಬಂದೆ. ರಾತ್ರಿ ಹತ್ತಾದರೂ ಬೆಳಕು. ಮನೆ ಹಿಂದಿನ ಹಿತ್ತಲಲ್ಲಿ ನಿಂತು ಫೋಟೋ ತೆಗೆಸಿಕೊಂಡು ಕಳಿಸಿದೆ. ಮಾರನೇ ದಿನ ಅಮ್ಮ ಫೋನಿನಲ್ಲಿ ಹೇಳಿದಳು, ನಿಮ್ಮಪ್ಪ ಮೊಬೈಲನ್ನು ಮೂಗಿನ ಹತ್ತಿರ ತಂದು, ಕತ್ತು ಓರೆ ಮಾಡಿ, ಬಲಗಣ್ಣಲ್ಲಿ ನೋಡಿದರು ಕಣೇ. ಯಾಕೆ ಅಂದೆ. ಎಡಗಣ್ಣಿಗೆ ಪೊರೆ ಬಂದು ವರ್ಷವಾಗಿತ್ತಂತೆ. ಹಿಂದಿನ ಅಕ್ಟೋಬರಿನಲ್ಲೇ ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟಿದ್ದರು. ಅಪ್ಪ ಹೋಗಿರಲಿಲ್ಲ. ಖಾತೆಯಲ್ಲಿ ಬೇಕಾದ್ದಕ್ಕಿಂತ ಎರಡು ಲಕ್ಷ ಜಾಸ್ತಿ ಇತ್ತು, ಆಪರೇಷನ್‌ಗೆ ಬೇಕಿದ್ದದ್ದು ಅದರಲ್ಲಿ ಒಂದು ಮೂಲೆ. ರೂಪಾಯಿ ಮತ್ತೆ ಬಿದ್ದರೆ ಮಗಳ ಲೆಕ್ಕ ಕೆಡುತ್ತೆ ಅಂತ ಸುಮ್ಮನಿದ್ದರು. ಆಮೇಲೆ ಮಾಡಿಸಿದೆವು. ತಡವಾಗಿತ್ತು. ಆ ಕಣ್ಣು ಪೂರ್ತಿ ಬರಲಿಲ್ಲ.

ಅದೇ ವರ್ಷ ಅಡಿಕೆ ರೇಟು ಯಾರೂ ಕಂಡಿರದ ಹಾಗೆ ಏರಿತು. ತೋಟ ಕೊಂಡವರು ಹೊಸ ಜೀಪು ತಂದರು. ಅಪ್ಪ ಇವತ್ತಿಗೂ ಆ ದಾರಿಯಲ್ಲಿ ಹೋಗಲ್ಲ, ಸುತ್ತು ಹಾಕಿ ಹೋಗುತ್ತಾರೆ. ವೀಸಾ ಬಂದ ಮೇಲೆ ಆ ದುಡ್ಡನ್ನು ವಾಪಸ್ ಕೊಟ್ಟೆನಾ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಇಲ್ಲ. ಈ ಮನೆಯ ಡೆಪಾಸಿಟ್ಟಿಗೆ ಹೋಯಿತು. ನಾವೇ ತಗೊಂಡ ಮನೆ, ಮೂರು ರೂಮು, ಹಿತ್ತಲಲ್ಲಿ ಸೇಬಿನ ಮರ. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇನೆ, ಅದೂ ನಿಜ.

ಹಾಗಾಗಿ ಸೈಟಿನ ಮಾತು ಆಮೇಲೆ. ಮೊದಲು ನಿನ್ನ ಗಂಡನನ್ನು ಕೇಳು. 24,000 ಅಂದರೆ ಬರೀ ಮೂಲ ಸಂಬಳವಾ, ಓವರ್‌ಟೈಮ್ ಸೇರಿದೆಯಾ? ಎರಡನೇ ಕೆಲಸದ ಸಂಬಳವೂ ಲೆಕ್ಕಕ್ಕೆ ಬರುತ್ತೆ. ಶನಿವಾರ ಭಾನುವಾರ ಎಲ್ಲಾದರೂ ಪಾರ್ಟ್‌ಟೈಮ್ ಮಾಡಿ 29,000 ದಾಟಿಸಿ, ಆರು ತಿಂಗಳ ಪೇಸ್ಲಿಪ್ ಮತ್ತು ಅದಕ್ಕೆ ಹೊಂದುವ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟರೆ ಉಳಿತಾಯ ತೋರಿಸುವ ಗೊಡವೆಯೇ ಇಲ್ಲ. ಹೇಗಿದ್ದರೂ ಗಿಫ್ಟ್ ದುಡ್ಡಿಗೂ ಆರು ತಿಂಗಳು ಕಾಯಬೇಕು, ಇದಕ್ಕೂ ಅಷ್ಟೇ. ಅಳಿಯ ಒಂದಿಷ್ಟು ದಿನ ಜಾಸ್ತಿ ದುಡಿದರೆ ಸವೆದು ಹೋಗಲ್ಲ. ನಿನ್ನ ಭಾರತದ ಸಂಬಳ ಮಾತ್ರ ಇಲ್ಲಿ ನಡೆಯಲ್ಲ. ಎರಡೂವರೆ ವರ್ಷ ಕಳೆದು ವೀಸಾ ಮುಂದುವರಿಸುವಾಗ ನಿನ್ನ ಇಲ್ಲಿನ ಸಂಬಳವೂ ಸೇರುತ್ತೆ, ಆಗ ಇಷ್ಟು ಕಷ್ಟ ಇರಲ್ಲ.

ಉಳಿತಾಯದ ದಾರಿಯೇ ಹಿಡಿಯುವುದಾದರೆ ರೂಪಾಯಿಯಲ್ಲಿ ಇಡಬೇಡ, ಪೌಂಡಿಗೆ ಬದಲಾಯಿಸಿ ನಿನ್ನ ಗಂಡನ ಇಲ್ಲಿನ ಖಾತೆಗೆ ಹಾಕಿಸು, ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಮದುವೆಯಾದ ಹೊಸದರಲ್ಲಿ ಅಪ್ಪನ ದುಡ್ಡು ಪೂರ್ತಿ ಗಂಡನ ಹೆಸರಿಗೆ ಹಾಕುವುದಾ ಅಂತ ನಿಮ್ಮಮ್ಮ ಕೇಳೇ ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ, ನಿನಗೆ ಎಷ್ಟು ನಂಬಿಕೆಯೋ ಅಷ್ಟು ಕಳಿಸು. ಹಾಂ, ವೀಸಾ ಫೀಸು, ಆರೋಗ್ಯದ ಸರ್‌ಚಾರ್ಜು ಆ ಖಾತೆಯಿಂದ ಕಟ್ಟಬೇಡ. ಸರ್‌ಚಾರ್ಜೇ ವರ್ಷಕ್ಕೆ 1,035 ಪೌಂಡಿನಂತೆ ಮೂರು ವರ್ಷದ ಲೆಕ್ಕದಲ್ಲಿ 3,105, ಮೊದಲೇ ಕಟ್ಟಬೇಕು. ಅದು ಹೋದ ಕೂಡಲೇ ಬ್ಯಾಲೆನ್ಸ್ ಕೆಳಗಿಳಿಯುತ್ತೆ. ಕೊನೆಯ ಸ್ಟೇಟ್‌ಮೆಂಟ್ ಅರ್ಜಿಗೆ 28 ದಿನದೊಳಗಿನದಿರಲಿ.

ಕೋಟು ಅಲ್ಲಿ ತಗೋಬೇಡ, ಇಲ್ಲಿ ತಗೊಳ್ಳೋಣ. ಅಪ್ಪೆಮಿಡಿ ತರುವುದಾದರೆ ಬಾಟಲಿಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತು, ಸೀರೆಗಳ ಮಧ್ಯೆ ಇಡಬೇಡ, ಬೇರೆ ಚೀಲದಲ್ಲಿಡು. ನನ್ನ ರೇಷ್ಮೆ ಸೀರೆಯಲ್ಲಿ ಇನ್ನೂ ಆ ಕಲೆ ಇದೆ.