ಲೀಗಿಗಿಂತ ಹಿರಿಯ ತಂಡ

ಓದುಗರ ಪತ್ರ: ‘ಕಳೆದ ಸಂಚಿಕೆಯ ಕ್ರೀಡಾ ಪುಟದಲ್ಲಿ ಮಾಂಟ್ರಿಯಲ್ ಕೆನಡಿಯನ್ಸ್ ಐಸ್ ಹಾಕಿ ತಂಡ ಹುಟ್ಟಿದ್ದು 1909ರಲ್ಲಿ, ಅದು ಆಡುವ ನ್ಯಾಷನಲ್ ಹಾಕಿ ಲೀಗ್ ಹುಟ್ಟಿದ್ದು 1917ರಲ್ಲಿ ಎಂದು ಅಚ್ಚಾಗಿದೆ. ಮಗ ಅಪ್ಪನಿಗಿಂತ ಎಂಟು ವರ್ಷ ದೊಡ್ಡವನೇ? ಕರಡು ತಿದ್ದುವವರು ನಿದ್ದೆ ಹೋಗಿದ್ದರೇ? ಒಬ್ಬ ಆಟಗಾರನನ್ನು ಹೊರಗಿಟ್ಟಿದ್ದಕ್ಕೆ ಊರಿನಲ್ಲಿ ದೊಂಬಿ ಎದ್ದಿತು ಎಂಬುದೂ ನಂಬುವಂತಿಲ್ಲ.’ (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಸಂಪಾದಕರ ಉತ್ತರ:

ಮಾನ್ಯರೇ, ಕರಡು ತಿದ್ದುವವರು ಎಚ್ಚರವಾಗಿಯೇ ಇದ್ದರು. ನಿದ್ದೆ ಹೋದವನು ನಾನು, ಆದರೆ ನೀವು ಬೆರಳಿಟ್ಟ ಜಾಗದಲ್ಲಲ್ಲ. ಅದನ್ನು ಕೊನೆಯಲ್ಲಿ ಒಪ್ಪಿಕೊಳ್ಳುತ್ತೇನೆ.

ಎರಡು ಇಸವಿಗಳೂ ಸರಿ. ಕೆನಡಾದ ಒಂಟಾರಿಯೊದ ಗಣಿ ಕುಟುಂಬದ ಆಂಬ್ರೋಸ್ ಓ’ಬ್ರಯನ್, ತಮ್ಮ ಊರಾದ ರೆನ್‌ಫ್ರೂ ತಂಡಕ್ಕೆ ಹಳೆಯ ಸಂಘದವರು ಜಾಗ ಕೊಡಲಿಲ್ಲವೆಂದು 1909ರ ಡಿಸೆಂಬರಿನಲ್ಲಿ ಬೇರೊಂದು ಸಂಘವನ್ನೇ ಕಟ್ಟಿದರು. ಮಾಂಟ್ರಿಯಲ್‌ನಲ್ಲಿ ಇಂಗ್ಲಿಷ್ ಮಾತಿನವರ ತಂಡ ಆಗಲೇ ಇತ್ತು. ಅದಕ್ಕೆದುರಾಗಿ ಫ್ರೆಂಚ್ ಮಾತಿನವರ ತಂಡವೊಂದಿದ್ದರೆ ಜಿದ್ದು ಬೆಳೆಯುತ್ತದೆ, ಟಿಕೆಟ್ಟೂ ಖರ್ಚಾಗುತ್ತದೆ ಎಂಬುದು ಲೆಕ್ಕಾಚಾರ. ಭಾಷಾಭಿಮಾನದ ಕೂಸಲ್ಲ, ವ್ಯಾಪಾರದ ಕೂಸು! ಮೊದಲ ಋತುವಿನಲ್ಲಿ ತಂಡ ಕಟ್ಟಕಡೆಯ ಸ್ಥಾನದಲ್ಲಿತ್ತು. 1916ರಲ್ಲಿ ಮೊದಲ ಸ್ಟ್ಯಾನ್ಲಿ ಕಪ್, ಅಂದರೆ ಅಲ್ಲಿನ ಐಸ್ ಹಾಕಿಯ ಚಾಂಪಿಯನ್ ಟ್ರೋಫಿ, ಬಂದಿತು. ಮರುವರ್ಷ, ಟೊರಾಂಟೊದ ಜಗಳಗಂಟ ಮಾಲೀಕರೊಬ್ಬರನ್ನು ಕಳಚಿಕೊಳ್ಳಲು ಉಳಿದವರೆಲ್ಲ ಸೇರಿ ಹೊಸ ಲೀಗ್ ಮಾಡಿಕೊಂಡರು. ಅದೇ ಇಂದಿನ ನ್ಯಾಷನಲ್ ಹಾಕಿ ಲೀಗ್. ಅಂದರೆ ಇಲ್ಲಿ ಅಪ್ಪನನ್ನು ಹೆತ್ತವರಲ್ಲಿ ಮಗನೂ ಒಬ್ಬ.

ಇನ್ನು ದೊಂಬಿ. ಹೊರಗಿಟ್ಟ ಆ ಆಟಗಾರ, ಕೆನಡಿಯನ್ಸ್‌ನ ಮೊರೀಸ್ ರಿಶಾರ್, ಯಾರೆಂದು ತಿಳಿಯದೆ ಅದು ಅರ್ಥವಾಗುವುದಿಲ್ಲ. 1944-45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದವರು; ಮಾಂಟ್ರಿಯಲ್‌ನ ಕಾರ್ಮಿಕ ಕುಟುಂಬದ ಫ್ರೆಂಚ್ ಹುಡುಗ. ಬಹುಪಾಲು ಜನ ಫ್ರೆಂಚ್ ಆಡುವ ಆ ನಗರದಲ್ಲಿ ಬ್ಯಾಂಕು, ಕಾರ್ಖಾನೆಗಳ ಎತ್ತರದ ಕುರ್ಚಿಗಳೆಲ್ಲ ಇಂಗ್ಲಿಷ್ ಮಾತಿನವರ ಕೈಯಲ್ಲಿದ್ದವು. 1955ರ ಮಾರ್ಚ್ 13ರಂದು ಬಾಸ್ಟನ್‌ನಲ್ಲಿ ಎದುರಾಳಿಯ ಕೋಲು ರಿಶಾರ್ ಅವರ ತಲೆಗೆ ಬಡಿಯಿತು. ಅವರು ತಿರುಗಿ ಬಾರಿಸಿದ್ದಲ್ಲದೆ, ತಡೆಯಲು ಬಂದ ಲೈನ್ಸ್‌ಮನ್‌ಗೂ (ಸಹಾಯಕ ಅಂಪೈರ್) ಗುದ್ದಿದರು. ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಋತುವಿನ ಉಳಿದ ಮೂರು ಪಂದ್ಯಗಳಿಂದಲೂ ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳಾದ ಪ್ಲೇಆಫ್‌ನಿಂದಲೂ ಅವರನ್ನು ಹೊರಗಿಟ್ಟರು. ನನ್ನನ್ನು ಕೇಳಿದರೆ ಶಿಕ್ಷೆ ಅತಿಯೇನಲ್ಲ. ಆದರೆ ಜನರ ಕಣ್ಣಿಗೆ ಬಿದ್ದದ್ದು ಗುದ್ದಲ್ಲ, ಶಿಕ್ಷೆ ಕೊಟ್ಟವನ ಭಾಷೆ.

ಮಾರ್ಚ್ 17ರಂದು, ಬರುವುದು ಬೇಡವೆಂದು ಬೇರೆಯವರು ಹೇಳಿದರೂ, ಕ್ಯಾಂಪ್‌ಬೆಲ್ ಮಾಂಟ್ರಿಯಲ್‌ನಲ್ಲಿ ಪಂದ್ಯ ನೋಡಲು ಬಂದು ಕುಳಿತರು. ಮೊಟ್ಟೆಗಳು ತೂರಿಬಂದವು, ಅಶ್ರುವಾಯುವಿನ ಶೆಲ್ ಸಿಡಿಯಿತು, ಪಂದ್ಯವನ್ನು ಡೆಟ್ರಾಯಿಟ್ ತಂಡಕ್ಕೆ ಬಿಟ್ಟುಕೊಡಬೇಕಾಯಿತು. ಹೊರಗೆ ಸೇಂಟ್ ಕ್ಯಾಥರಿನ್ ಬೀದಿಯ ಅಂಗಡಿಗಳ ಗಾಜು ಪುಡಿಯಾಯಿತು. ಮರುದಿನ ರಿಶಾರ್ ಅವರೇ ರೇಡಿಯೊದಲ್ಲಿ ಶಾಂತರಾಗಿರಿ ಎಂದು ಕೇಳಿಕೊಂಡ ಮೇಲೆ ಊರು ತಣ್ಣಗಾಯಿತು. ಪಾಪ, ಬರ್ನಿ ಜಿಯೋಫ್ರಿಯನ್! ರಿಶಾರ್ ಇಲ್ಲದ ಕೊನೆಯ ಪಂದ್ಯಗಳಲ್ಲಿ ಅಂಕ ಗಳಿಸಿ ಋತುವಿನ ಆಟಗಾರರ ಅಂಕಪಟ್ಟಿಯಲ್ಲಿ ಅವರನ್ನು ಹಿಂದಿಕ್ಕಿದ್ದಕ್ಕೆ ಸ್ವಂತ ತಂಡದ ಈ ಆಟಗಾರನನ್ನೇ ಅಭಿಮಾನಿಗಳು ಕೂಗಿ ಹೀಯಾಳಿಸಿದರು. ಅವರೂ ಫ್ರೆಂಚ್ ಮಾತಿನವರೇ.

ಮುಂದೆ ತಂಡಕ್ಕೆ 1956ರಿಂದ 1960ರವರೆಗೆ ಸತತ ಐದು ಕಪ್, ಎಪ್ಪತ್ತರ ದಶಕದ ಕೊನೆಗೆ ಸತತ ನಾಲ್ಕು, ಒಟ್ಟು 24. ಕೊನೆಯದು ಬಂದದ್ದು 1993ರಲ್ಲಿ.

ಈಗ ನನ್ನ ತಪ್ಪು. ಅವರ ಅಂಗಿಯ ಮೇಲೆ ‘ಸಿ’ ಅಕ್ಷರದ ಹೊಟ್ಟೆಯೊಳಗಿರುವ ‘ಎಚ್’ ಅನ್ನು ‘ಹ್ಯಾಬಿಟಾಂ’, ಅಂದರೆ ಫ್ರೆಂಚ್ ರೈತ, ಎಂದು ವಿವರಿಸಿದ್ದೆವು. ತಂಡದ ‘ಹ್ಯಾಬ್ಸ್’ ಎಂಬ ಅಡ್ಡಹೆಸರು ಕೇಳಿ ಹಾಗೆ ನಂಬುವವರು ಬಹಳ, ನಾನೂ ನಂಬಿದ್ದೆ. ಅದು ಬರೀ ‘ಹಾಕಿ’ಯ ‘ಎಚ್’. ಅದಕ್ಕೂ ಮೊದಲು ಕೆಲವು ವರ್ಷ ಆ ಜಾಗದಲ್ಲಿ ‘ಎ’ ಇತ್ತು.