ಅಜ್ಜನ ತಂಬೂರಿಯಿಂದ ಕಾಡಿಗೆ ತೊಂದರೆಯೇ?

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ ಮಿರಜ್ ತಂಬೂರಿ ಇದೆ. ಬುರುಡೆ ಬಿರುಕು ಬಿಟ್ಟಿದೆ. ಮಗ ನೆದರ್ಲೆಂಡ್ಸ್‌ನಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುತ್ತಿದ್ದಾನೆ. ‘ಮರದ ವಾದ್ಯದಿಂದ ಕಾಡು ಹಾಳು, ಈಗಿನ ಸಂಯೋಜಕರೇ ಮರ ಬಿಡುತ್ತಿದ್ದಾರೆ, ಎಲೆಕ್ಟ್ರಾನಿಕ್ ತಗೊಳ್ಳಿ’ ಎನ್ನುತ್ತಾನೆ. ಅವನ ಮಾತು ನಿಜವೇ? ರಿಪೇರಿ ಮಾಡಿಸಿ ಅವನಿಗೇ ಕಳಿಸಬಹುದೇ?
– ಓದುಗರು, ಅಥಣಿ

ಉತ್ತರ: ಅರ್ಧ ನಿಜ. ಮರದ ಸಮಸ್ಯೆ ಸುಳ್ಳಲ್ಲ. ಆದರೆ ಅದನ್ನು ನಿಮ್ಮ ತಂಬೂರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೊದಲು ಬೀಟೆ. ಖಾನಾಪುರದ ಕಡೆಯವರಿಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. ಬೀಟೆ, ಶೀಷಂ ಎರಡೂ ಡಾಲ್ಬರ್ಜಿಯಾ ಕುಲದ ಮರಗಳು. ಅಪಾಯದಲ್ಲಿರುವ ಪ್ರಾಣಿ, ಗಿಡಮರಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಗೆ 2017ರ ಜನವರಿಯಲ್ಲಿ ಈ ಇಡೀ ಕುಲವೇ ಸೇರಿತು. ಮುಖ್ಯ ಕಾರಣ ವಾದ್ಯವಲ್ಲ, ಚೀನಾದಲ್ಲಿ ಬೀಟೆಯ ಮಂಚ, ಕುರ್ಚಿಗೆ ಬಂದ ಬೇಡಿಕೆ. ಕಡಿದವರು ಯಾರೋ, ಕಾಗದಪತ್ರಕ್ಕೆ ಅಲೆದವರು ಗಿಟಾರ್, ಕ್ಲಾರಿನೆಟ್ ಮಾಡುವವರು! 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್‌ನ ಬೀಟೆಗೆ ಮಾತ್ರ ಅದು ಇಲ್ಲ.

ಇನ್ನು ಸಂಯೋಜಕರು. ಅವರು ಮರ ಬಿಟ್ಟಿದ್ದಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಸ್ಟೀವ್ ರೈಶ್ 1973ರಲ್ಲಿ ಬರೀ ಮರದ ತುಂಡುಗಳಿಗೆಂದೇ ಒಂದು ಕೃತಿ ಬರೆದರು. ಐದು ಜನ, ಕೈಯಲ್ಲಿ ಶ್ರುತಿ ಮಾಡಿದ ಕ್ಲೇವ್ಸ್ (ಒಂದಕ್ಕೊಂದು ಬಡಿದು ನುಡಿಸುವ ಮರದ ಕೋಲು) ಜೋಡಿ, ಬೇರೇನೂ ಇಲ್ಲ. ನಮ್ಮ ಭಜನಾ ಮೇಳದವರು ಕೇಳಿದರೆ ‘ಇದು ಚಿಟಿಕೆಯಲ್ವಾ’ ಅಂದಾರು. 2009ರಲ್ಲಿ ಅಮೆರಿಕದ ಇನ್ನೊಬ್ಬ ಸಂಯೋಜಕ ಮೈಕೆಲ್ ಗಾರ್ಡನ್ ಇನ್ನೂ ಮುಂದೆ ಹೋದರು. ಕಟ್ಟಡಕ್ಕೆ ಬಳಸುವಂಥ ಮರದ ಪಟ್ಟಿಗಳೇ ಅವರ ಕೃತಿಯ ವಾದ್ಯ. ಆರು ಜನ ಅದನ್ನು ಬಡಿಯುತ್ತಾರೆ. ಅಪರೂಪದ ಮರವೇ ಬೇಕೆಂದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮಗನಿಗೆ ಕೇಳಿಸಿ ನೋಡಿ.

ನಿಜವಾದ ಇಕ್ಕಟ್ಟು ಇರುವುದು ಪಾಶ್ಚಾತ್ಯರ ಸಾಂಪ್ರದಾಯಿಕ ವಾದ್ಯಗಳಲ್ಲಿ. ಕ್ಲಾರಿನೆಟ್, ಓಬೋ ಎಂಬ ಊದುವ ವಾದ್ಯಗಳಿಗೆ ಟಾಂಜಾನಿಯಾ, ಮೊಜಾಂಬಿಕ್‌ಗಳ ಎಂಪಿಂಗೊ ಎಂಬ ಕರಿಯ ಮರ ಬೇಕು. ಅದು ಬಹಳ ನಿಧಾನ ಬೆಳೆಯುತ್ತದೆ. ಅದಕ್ಕೇ ಒಂದು ಫ್ರೆಂಚ್ ಕಂಪನಿ ಅದೇ ಮರದ ಪುಡಿಗೆ ಅಂಟು, ಕಾರ್ಬನ್ ನಾರು ಸೇರಿಸಿ ಕ್ಲಾರಿನೆಟ್ ಮಾಡುತ್ತಿದೆ. ಪಿಟೀಲಿನ ಉತ್ತಮ ಕಮಾನಿಗೆ ಬ್ರೆಜಿಲ್‌ನ ಪರ್ನಾಂಬುಕೊ ಎಂಬ ಮರ ಬೇಕು. ಅದು 2007ರಿಂದ ಸೈಟಿಸ್ ಪಟ್ಟಿಯಲ್ಲಿದೆ. ಕಾರ್ಬನ್ ಕಮಾನು ಈಗ ಎಲ್ಲ ಕಡೆ ಸಿಗುತ್ತದೆ. ಕಲಿಯುವವರಿಗೆ ಅದು ಧಾರಾಳ ಸಾಕು.

ನಿಮ್ಮ ತಂಬೂರಿಯ ಕಥೆಯೇ ಬೇರೆ. ಅದರ ಬುರುಡೆ ಮರವೇ ಅಲ್ಲ, ಒಣಗಿಸಿದ ಸೋರೆ ಜಾತಿಯ ಕಾಯಿ. ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆಯುತ್ತಾರೆ, ಅಂದರೆ ವಿಜಯಪುರ ಜಿಲ್ಲೆಯ ಮಗ್ಗುಲಲ್ಲೇ. ಒಂದು ಹಂಗಾಮಿನ ಬೆಳೆ. ದಂಡಿಗೆ, ಮೇಲಿನ ಹಲಗೆಗೆ ಸಾಮಾನ್ಯವಾಗಿ ತುನ್ ಮರ ಹಾಕುತ್ತಾರೆ. ಅದು ಬೀಟೆ ಕುಲದ್ದಲ್ಲ. ಬಿರುಕಿಗೆ ಒಳಗಿನಿಂದ ಪಟ್ಟಿ ಅಂಟಿಸಿ ಸರಿ ಮಾಡಬಹುದು. ಮಿರಜ್ ನಿಮಗೆ ಪಕ್ಕದೂರು. ಅಲ್ಲಿನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ (ಇಂಥ ಊರಿನದೇ ವಸ್ತು ಎಂಬ ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಎಲೆಕ್ಟ್ರಾನಿಕ್ ಪೆಟ್ಟಿಗೆ ದಿನದ ಅಭ್ಯಾಸಕ್ಕೆ ಇರಲಿ, ಬೇಡ ಅನ್ನಲ್ಲ. ಆದರೆ ಅದು ಮೊಮ್ಮಗನ ಕಾಲಕ್ಕೆ ಉಳಿಯುವುದಿಲ್ಲ. ಅದರ ಕಸವೂ ಎಲ್ಲೋ ಹೋಗಿ ಬೀಳಬೇಕಲ್ಲ?

ವಿದೇಶಕ್ಕೆ ಕಳಿಸುವುದಾದರೆ ಮರಕ್ಕಿಂತ ಮೊದಲು ಕುದುರೆ ನೋಡಿ. ತಂತಿ ಕೂರುವ ಆ ತುಂಡು ಹಳೆಯ ವಾದ್ಯಗಳಲ್ಲಿ ಜಿಂಕೆ ಕೊಂಬಿನದೋ ಆನೆ ದಂತದ್ದೋ ಇರಬಹುದು. ಅಂಚಿನ ಬಿಳಿ ಕುಸುರಿಯೂ ಅಷ್ಟೇ. ಈಚಿನದು ಬಹುತೇಕ ಪ್ಲಾಸ್ಟಿಕ್. ಬೀಟೆಗೆ ಸಿಕ್ಕ ವಿನಾಯಿತಿ ದಂತಕ್ಕೆ, ಕೊಂಬಿಗೆ ಅನ್ವಯಿಸದು. ನಮ್ಮ ವನ್ಯಜೀವಿ ಕಾನೂನೂ ಬಿಗಿಯಾಗಿದೆ. ಕುಶಲಿಗರಿಗೆ ತೋರಿಸಿ. ಅಂಥದ್ದೇ ಆಗಿದ್ದರೆ ಕಳಿಸುವ ಯೋಚನೆ ಬಿಟ್ಟು, ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ತಂಬೂರಿಯಲ್ಲಿ ಯಾವ್ಯಾವ ಮರ, ಯಾವ ಮೂಳೆ ಇದೆ ಎಂದು ರಿಪೇರಿ ರಸೀದಿಯಲ್ಲೇ ಬರೆಸಿಕೊಳ್ಳಿ. ರಿಪೇರಿಗೆ ಮಳೆಗಾಲದಲ್ಲಿ ಕೊಡಬೇಡಿ, ಅಂಟು ಬೇಗ ಒಣಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಕೊಡಿ.